ತಂಬೂರಿ ನಿಂತ ಮೇಲೆ

ಸಂಗೀತ ರಸಿಕರೇ, ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ನಾನು ರೇಡಿಯೊದಲ್ಲಿ ಕ್ಯಾಷುಯಲ್ ಅನೌನ್ಸರ್ ಆಗಿ ಸೇರಿದ ಹೊಸತು. ಒಂದು ರಾತ್ರಿ ಕಚೇರಿಯ ಧ್ವನಿಮುದ್ರಣ ಮುಗಿಯುತ್ತಾ ಬಂದಿತ್ತು. ಮಂಗಳ ಹಾಡಿ ಆಯಿತು. ಗಡಿಯಾರ ನೋಡಿದೆ, ಮೈಕಿನ ಫೇಡರ್ ಮೇಲಕ್ಕೆ ತಳ್ಳಿ "ಇದುವರೆಗೆ ನೀವು ಕೇಳಿದಿರಿ" ಎಂದು ಶುರುಮಾಡಿಬಿಟ್ಟೆ. ವಾರ ಕಳೆದು ಒಂದು ಕಾರ್ಡು ಬಂತು. ಅದರಲ್ಲಿದ್ದದ್ದು ಒಂದೇ ಸಾಲು: "ತಾಯೀ, ತಂಬೂರಿ ಇನ್ನೂ ನಿಂತಿರಲಿಲ್ಲ." ಹೆಸರಿಲ್ಲ, ಊರಿಲ್ಲ, ಸಿಟ್ಟೂ ಇಲ್ಲ. ಉದ್ಘೋಷಣೆ ಅಂದರೇನು ಎಂದು ನನಗೆ ಕಲಿಸಿದ್ದು ಆ ಕಾರ್ಡು.

ಶಾಸ್ತ್ರೀಯ ಸಂಗೀತದ ವಾಹಿನಿಯಲ್ಲಿ ನಿರೂಪಕರು ಬದಲಾದರೆ ಕೇಳುಗರು ಯಾಕೆ ಅಷ್ಟೊಂದು ನೊಂದುಕೊಳ್ಳುತ್ತಾರೆ? ಹಾಡು ಅದೇ ಇರುತ್ತದಲ್ಲ, ಹೇಳುವವರು ಯಾರಾದರೇನು ಎನ್ನುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ.

ಬ್ರಿಟನ್ನಿನ ಒಂದು ಪ್ರಸಂಗ ನೋಡಿ. ಬಿಬಿಸಿ 1946ರಲ್ಲಿ 'ಥರ್ಡ್ ಪ್ರೋಗ್ರಾಂ' ಎಂಬ ರೇಡಿಯೊ ವಾಹಿನಿ ಆರಂಭಿಸಿತು. 1967ರಲ್ಲಿ ಅದರ ಮುಂದುವರಿಕೆಯಾಗಿ ಶಾಸ್ತ್ರೀಯ ಸಂಗೀತದ ವಾಹಿನಿ ರೇಡಿಯೊ 3 ಬಂತು. ಅಲ್ಲಿಯ ಆಗಿನ ಉದ್ಘೋಷಕರ ರೀತಿ ನಮ್ಮ ಹಳೆಯ ಆಕಾಶವಾಣಿಯನ್ನೇ ನೆನಪಿಸುತ್ತದೆ: ಕೃತಿ ಯಾವುದು, ಯಾರ ರಚನೆ, ನುಡಿಸುವವರು ಯಾರು, ಇಷ್ಟು ಹೇಳಿ ಬದಿಗೆ ಸರಿಯುವುದು. 1992ರ ಸೆಪ್ಟೆಂಬರ್ 7ರಂದು ಕ್ಲಾಸಿಕ್ ಎಫ್‌ಎಂ ಎಂಬ ಖಾಸಗಿ ಶಾಸ್ತ್ರೀಯ ಸಂಗೀತ ವಾಹಿನಿ ಶುರುವಾಯಿತು. ಚಿಕ್ಕ ಚಿಕ್ಕ ತುಣುಕುಗಳು, ಆತ್ಮೀಯ ಮಾತು, ನಡುನಡುವೆ ಜಾಹೀರಾತು. ಬಹಳ ಬೇಗ ಅದರ ಕೇಳುಗರ ಸಂಖ್ಯೆ ರೇಡಿಯೊ 3ನ್ನು ದಾಟಿತು. 1995ರಲ್ಲಿ ರೇಡಿಯೊ 3, ಅದೇ ಕ್ಲಾಸಿಕ್ ಎಫ್‌ಎಂನಿಂದ ಪಾಲ್ ಗ್ಯಾಂಬಚೀನಿಯವರನ್ನು ಕರೆತಂದು ಬೆಳಗಿನ ಕಾರ್ಯಕ್ರಮಕ್ಕೆ ಕೂರಿಸಿತು. ಅಮೆರಿಕದವರು, ಪಾಪ್ ಸಂಗೀತದ ನಿರೂಪಣೆಯಿಂದ ಮನೆಮಾತಾದವರು. ಹಳೆಯ ಕೇಳುಗರು ಸಿಡಿದೆದ್ದರು. ಮರುವರ್ಷ ಗ್ಯಾಂಬಚೀನಿ ಆ ಜಾಗದಲ್ಲಿರಲಿಲ್ಲ.

ಆ ಸಿಟ್ಟಿನಲ್ಲಿ ಒಂದು ಪಾಲು ಬರೀ ಮಡಿವಂತಿಕೆ. ಅವರ ಅಮೆರಿಕನ್ ಉಚ್ಚಾರಣೆಯನ್ನೇ ತಪ್ಪು ಎಂದವರನ್ನು ನಾನು ಸಮರ್ಥಿಸಲಾರೆ. ನಮ್ಮಲ್ಲೂ ಧಾರವಾಡದ ಮಾತನ್ನು ಮೈಸೂರಿನ ಕಿವಿ, ಮೈಸೂರಿನ ಮಾತನ್ನು ಮಂಗಳೂರಿನ ಕಿವಿ ಹೀಗೆ ಅಳೆದದ್ದುಂಟು, ಅದು ನ್ಯಾಯವಲ್ಲ. ಆದರೆ ಇನ್ನೊಂದು ಪಾಲು ನಿಜವಾದ ಭಯ. ಪಕ್ಕದ ಮನೆಯ, ಅಂದರೆ ಕ್ಲಾಸಿಕ್ ಎಫ್‌ಎಂನ, ಜನರನ್ನು ಕರೆಯಲು ವಾಹಿನಿ ತನ್ನ ನಡೆಯನ್ನೇ ಬದಲಿಸುತ್ತಿದೆ ಎಂಬ ಸುಳಿವು ಅವರಿಗೆ ಹೊಸ ದನಿಯಲ್ಲಿ ಸಿಕ್ಕಿತ್ತು. ಆಡಳಿತದ ನಿರ್ಧಾರ ಕೇಳುಗರಿಗೆ ಮೊದಲು ತಲುಪುವುದು ನಿರೂಪಕರ ಗಂಟಲಿನಿಂದ. ಬೈಗುಳವೂ ಅವರಿಗೇ. ಈ ಕೆಲಸ ಮಾಡಿದ ನನಗೆ ಅದು ತುಂಬ ನೋವಿನ ಸಂಗತಿ.

2025ರಲ್ಲಿ ಅದೇ ವಾಹಿನಿಯ ಸಂಜೆಯ 'ಇನ್ ಟ್ಯೂನ್' ಕಾರ್ಯಕ್ರಮದಿಂದ ಶಾನ್ ರಾಫರ್ಟಿ ಹೊರಟಾಗ ಕೇಳಿಬಂದದ್ದು ಬೇರೆ ಬಗೆಯ ಬೇಸರ. ಹತ್ತಿರ ಹತ್ತಿರ ಮೂರು ದಶಕ ಅವರು ಕಲಾವಿದರನ್ನು ಸ್ಟುಡಿಯೊಗೆ ಕರೆದು ಮಾತಾಡಿಸಿ, ಅಲ್ಲಿಯೇ ನುಡಿಸಲು ಹೇಳಿ, ಜನರನ್ನು ಕೆಲಸದಿಂದ ಮನೆಗೆ ಮುಟ್ಟಿಸಿದ್ದರು. ಅವರ ಜಾಗಕ್ಕೆ ಬಂದ ಪೆಟ್ರಾಕ್ ಟ್ರೆಲಾನಿ ಅಪರಿಚಿತರೇನಲ್ಲ, ಅದೇ ವಾಹಿನಿಯ ಬೆಳಗಿನ ದನಿ. ಆದರೂ ಬೇಸರ. ಬೆಳಗಿನ ದನಿ ಸಂಜೆಗೆ ಬಂದರೆ ದಿನದ ಎರಡೂ ತುದಿ ಅಲುಗಿದ ಹಾಗೆ.

ಇದು ನಮಗೆ ಅರ್ಥವಾಗದ್ದೇ? "ರಾಗ ಕಲ್ಯಾಣಿ, ಆದಿ ತಾಳ, ತ್ಯಾಗರಾಜರ ಕೃತಿ" ಎಂದು ಒಂದು ದನಿ ಹೇಳುತ್ತದೆ. ಅಡುಗೆಮನೆಯಲ್ಲಿ ಒಬ್ಬಾಕೆ ಕುಕ್ಕರ್ ಸಣ್ಣ ಉರಿಗೆ ಇಟ್ಟು ಕಾಯುತ್ತಾಳೆ. ಆ ದನಿಗೂ ಮೊದಲ ಸ್ವರಕ್ಕೂ ನಡುವಿನ ಎರಡು ಕ್ಷಣ ಇದೆಯಲ್ಲ, ಕೇಳುಗರು ಹಾಡಿಗೆ ಸಿದ್ಧರಾಗುವುದು ಅಲ್ಲಿ. ವರ್ಷಾನುಗಟ್ಟಲೆ ಒಬ್ಬರೇ ಕಾಯ್ದ ಆ ಎರಡು ಕ್ಷಣ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬೇರೆಯವರ ಕೈಗೆ ಹೋದರೆ ಆಕೆಗೆ ಮನೆಯವರೊಬ್ಬರು ಊರು ಬಿಟ್ಟಂತೆಯೇ ಅನ್ನಿಸುತ್ತದೆ.

ಹೊಸಬರು ಬರಬೇಕು. ನಾನೂ ಯಾರದೋ ಕುರ್ಚಿಯಲ್ಲಿ ಹೊಸಬಳಾಗಿಯೇ ಕೂತವಳು. ನಾನು ಕೇಳುವುದು ಇಷ್ಟು: ಹೋಗುವವರಿಗೆ ಕೊನೆಯ ದಿನ ಎರಡು ನಿಮಿಷ ಕೊಡಿ, ಕೇಳುಗರಿಗೆ ತಾವೇ ಹೇಳಿ ಹೋಗಲಿ. ಬರುವವರಿಗೆ ವಾಹಿನಿಯ ಹಳೆಯ ಧ್ವನಿಮುದ್ರಣಗಳನ್ನು ಕೇಳಿಸಿ.

ಅಮೆರಿಕದ ಬಾಸ್ಟನ್ನಿನಲ್ಲಿ ಡಬ್ಲ್ಯುಜಿಬಿಎಚ್ ಎಂಬ ಸಾರ್ವಜನಿಕ ಕೇಂದ್ರವಿದೆ. 1971ರಿಂದ ಅಲ್ಲಿ ರಾಬರ್ಟ್ ಜೆ. ಲುರ್ಟ್‌ಸೆಮಾ ಬೆಳಗಿನ ಸಂಗೀತ ನಡೆಸಿಕೊಡುತ್ತಿದ್ದರು. ಏಳು ಗಂಟೆಗೆ ಮೈಕ್ ತೆರೆದರೆ ಮೊದಲು ಮಾತಿಲ್ಲ, ಸಂಗೀತವೂ ಇಲ್ಲ. ಹಕ್ಕಿಗಳ ಚಿಲಿಪಿಲಿ. ನಿಧಾನಕ್ಕೆ ಅದರೊಳಗಿನಿಂದ ಸಂಗೀತ ಏಳುತ್ತಿತ್ತು. ಆಮೇಲೆ ಅವರ ಮಾತು, ಮಾತಿನ ನಡುವೆ ದೀರ್ಘ ಮೌನ. ಆ ಮೌನ ಕೆಲವರಿಗೆ ಹಿಡಿಸುತ್ತಿರಲಿಲ್ಲ, ಉಳಿದವರಿಗೆ ಅದೇ ಬೇಕಿತ್ತು. 1990ರ ದಶಕದಲ್ಲಿ ಅವರ ಕಾರ್ಯಕ್ರಮವನ್ನು ವಾರಾಂತ್ಯಕ್ಕೆ ಇಳಿಸಿದರು. ಅವರು ಬಿಟ್ಟುಹೋಗಲಿಲ್ಲ. 2000ದಲ್ಲಿ ತೀರಿಕೊಳ್ಳುವ ವರ್ಷದವರೆಗೂ ಉಳಿದ ಆ ಎರಡು ದಿನ, ಶನಿವಾರ ಮತ್ತು ಭಾನುವಾರ, ಮೊದಲು ಹಕ್ಕಿಗಳಿಗೆ ಹಾಡಲು ಬಿಟ್ಟು ಕಾಯುತ್ತಿದ್ದರು.

ನಮಸ್ಕಾರ.