ಒತ್ತಿದ ಮೇಲೆಯೇ ಬರಲಿ ವಿಡಿಯೊ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ರೇಷ್ಮೆ ಸೀರೆಯ ಅಂಗಡಿಗೂ, ಯೋಗಶಾಲೆಗೂ, ರಂಗನತಿಟ್ಟಿನ ದಾರಿಯ ಹೋಂಸ್ಟೇಗೂ ಇಂದು ಒಂದೊಂದು ಜಾಲತಾಣವಿದೆ. ಅವುಗಳಲ್ಲಿ ಹಲವು ಪುಟಗಳು ಫೋನಿನಲ್ಲಿ ತೆರೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ, ಪುಟದೊಳಗೆ ಕೂರಿಸಿರುವ ಯೂಟ್ಯೂಬ್ ವಿಡಿಯೊಗಳು. ಇದಕ್ಕೆ ಸುಲಭವಾದ ಪರಿಹಾರವಿದೆ, ಹಣವೂ ಖರ್ಚಾಗುವುದಿಲ್ಲ.

ಮದ್ದೂರು ಕಡೆಯ ಆಲೆಮನೆಯೊಂದರ ಪುಟವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಗಾಣದಲ್ಲಿ ಕಬ್ಬು ಅರೆಯುವುದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದು, ಹದಕ್ಕೆ ಬಂದ ಪಾಕವನ್ನು ಅಚ್ಚಿಗೆ ಸುರಿಯುವುದು ಹೀಗೆ ನಾಲ್ಕಾರು ವಿಡಿಯೊಗಳು ಮೇಲೆ, ಬೆಲ್ಲದ ದರ ಮತ್ತು ಫೋನ್ ಸಂಖ್ಯೆ ಕೆಳಗೆ. ದರವನ್ನಷ್ಟೇ ತಿಳಿಯಬೇಕೆಂದು ಬಂದ ಗಿರಾಕಿ ಒಂದು ವಿಡಿಯೊವನ್ನೂ ನೋಡದಿರಬಹುದು. ಆದರೂ ಅಷ್ಟೂ ವಿಡಿಯೊಗಳ ಭಾರವನ್ನು ಅವರ ಫೋನು ಹೊರಲೇಬೇಕಾಗುತ್ತದೆ.

ಯೂಟ್ಯೂಬ್ ಕೊಡುವ ಕೋಡಿನ ಸಾಲನ್ನು ಹಾಗೆಯೇ ಅಂಟಿಸಿದಾಗ ನಮ್ಮ ಪುಟದೊಳಗೆ ಐಫ್ರೇಮ್ ಎಂಬ ಇನ್ನೊಂದು ಪುಟ್ಟ ಪುಟ ತೆರೆದುಕೊಳ್ಳುತ್ತದೆ. ಆಡಿಸುವ ಗುಂಡಿಯನ್ನು ಯಾರೂ ಮುಟ್ಟದಿದ್ದರೂ, ಅದರೊಳಗಿನ ವಿಡಿಯೊ ಪ್ಲೇಯರ್ ತನಗೆ ಬೇಕಾದ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಕಡತಗಳನ್ನು ತರಿಸಿಕೊಳ್ಳುತ್ತದೆ. ಇದರ ಮೊತ್ತ ಅರ್ಧ ಮೆಗಾಬೈಟನ್ನು ಸುಲಭವಾಗಿ ದಾಟುತ್ತದೆ. ಎರಡನೆಯ ವಿಡಿಯೊಗೆ ಅದೇ ಕಡತಗಳು ಬ್ರೌಸರಿನ ಸಂಗ್ರಹದಿಂದ ಸಿಗಬಹುದು, ನಿಜ. ಆದರೆ ಪ್ರತಿಯೊಂದು ಐಫ್ರೇಮೂ ಅವುಗಳನ್ನು ಮತ್ತೆ ಓದಿ ನಡೆಸಬೇಕಾದ್ದರಿಂದ, ಕಡಿಮೆ ಬೆಲೆಯ ಫೋನಿನ ಪ್ರೊಸೆಸರ್ ಅಷ್ಟು ಹೊತ್ತು ತಿಣುಕುತ್ತದೆ, ಬೆರಳಿನಿಂದ ಸರಿಸಿದರೂ ಪುಟ ಅಲುಗಾಡುವುದಿಲ್ಲ. ವೇಗದ ಸಂಪರ್ಕವಿರುವ ಕಚೇರಿಯಲ್ಲಿ ಕುಳಿತು ಪುಟ ಕಟ್ಟುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪರಿಹಾರ ಇಷ್ಟೇ: ವಿಡಿಯೊ ಇರಬೇಕಾದ ಜಾಗದಲ್ಲಿ ಮೊದಲಿಗೆ ಅದರ ಒಂದು ಚಿತ್ರವನ್ನೂ ಅದರ ಮೇಲೆ ಆಡಿಸುವ ಗುಂಡಿಯನ್ನೂ ಮಾತ್ರ ಇಡುವುದು, ನೋಡುಗರು ಒತ್ತಿದ ಕ್ಷಣದಲ್ಲಿ ಚಿತ್ರವನ್ನು ತೆಗೆದು ಐಫ್ರೇಮನ್ನು ಅಲ್ಲಿ ತರುವುದು. ಯೂಟ್ಯೂಬ್ ತಾನೇ ಒದಗಿಸುವ 480 ಅಗಲ, 360 ಎತ್ತರದ ಚಿತ್ರ ಕೆಲವೇ ಹತ್ತು ಕಿಲೊಬೈಟ್‌ಗಳಷ್ಟಿರುತ್ತದೆ. ಅಗಲದ ವಿಡಿಯೊಗಳಿಗೆ ಅದರ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವುದರಿಂದ, 16ಕ್ಕೆ 9ರ ಅನುಪಾತದ ಚೌಕಟ್ಟಿನಲ್ಲಿಟ್ಟು ಅಂಚನ್ನು ಕತ್ತರಿಸಿ ತೋರಿಸಬೇಕು. ಈ ಚೌಕಟ್ಟಿನ ಅಳತೆಯನ್ನು ಮೊದಲೇ ನಿಗದಿಪಡಿಸಿದರೆ, ಚಿತ್ರ ಹೋಗಿ ಪ್ಲೇಯರ್ ಬರುವಾಗ ಕೆಳಗಿನ ದರಪಟ್ಟಿ ಕುಪ್ಪಳಿಸುವುದಿಲ್ಲ.

ಒಂದೆರಡು ಕಡೆ ಎಚ್ಚರ ಬೇಕು. ಆಡಿಸುವ ಗುಂಡಿ ಬರೀ ಚಿತ್ರವಾಗಿರದೆ ನಿಜವಾದ ಬಟನ್ ಆಗಿರಬೇಕು, ಅದಕ್ಕೆ ವಿಡಿಯೊದ ಹೆಸರೂ ಇರಬೇಕು. ಹಾಗಿದ್ದರೆ ಮಾತ್ರ ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ, ಕೀಲಿಮಣೆಯಿಂದಲೂ ಅದನ್ನು ಒತ್ತಬಹುದು. ಚಿತ್ರವನ್ನು ಒತ್ತಿದೊಡನೆ ವಿಡಿಯೊ ಶುರುವಾಗಲು ಐಫ್ರೇಮಿಗೆ ತಾನಾಗಿ ಆಡುವ ಅನುಮತಿಯನ್ನೂ ಕೊಡಬೇಕು. ಕೊಟ್ಟರೂ ಕೆಲವು ಫೋನುಗಳಲ್ಲಿ ಇನ್ನೊಮ್ಮೆ ಒತ್ತಬೇಕಾಗಬಹುದು. ಅಷ್ಟು ಅನನುಕೂಲವನ್ನು ಒಪ್ಪಬಹುದೆಂದು ನನ್ನ ಅಭಿಪ್ರಾಯ. ಇವನ್ನೆಲ್ಲ ತಾವೇ ಬರೆಯಲಾರದವರಿಗೆ, ಗೂಗಲ್ ಕ್ರೋಮ್ ತಂಡದ ಪಾಲ್ ಐರಿಶ್ ಅವರು ಎಲ್ಲರಿಗೂ ಮುಕ್ತವಾಗಿ ಬಿಟ್ಟಿರುವ ಲೈಟ್ ಯೂಟ್ಯೂಬ್ ಎಂಬೆಡ್ ಎಂಬ ಪುಟ್ಟ ಸಾಧನವಿದೆ. ಮೌಸ್ ಚಿತ್ರದ ಮೇಲೆ ಬಂದಾಗಲೇ ಅಥವಾ ಬೆರಳು ಅದನ್ನು ಮುಟ್ಟಿದಾಗಲೇ ಯೂಟ್ಯೂಬಿನ ಸರ್ವರ್ ಜೊತೆ ಸಂಪರ್ಕವನ್ನು ಅದು ಸಿದ್ಧಮಾಡಿಕೊಳ್ಳುವುದರಿಂದ, ಒತ್ತಿದ ಮೇಲೆ ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಪರದೆಯ ಸಮೀಪಕ್ಕೆ ಬರುವವರೆಗೆ ತರಿಸಬೇಡ ಎಂದು ಬ್ರೌಸರಿಗೆ ಹೇಳುವ ಲೋಡಿಂಗ್ ಲೇಜಿ ಎಂಬ ಎರಡು ಪದಗಳನ್ನು ಐಫ್ರೇಮಿಗೆ ಸೇರಿಸಿದರೆ ಸಾಲದೇ ಎಂದು ಬಲ್ಲವರು ಕೇಳಬಹುದು. ಕ್ರೋಮ್ 2019ರಲ್ಲಿ, ಸಫಾರಿ ಮತ್ತು ಫೈರ್‌ಫಾಕ್ಸ್ 2023ರಲ್ಲಿ ಈ ಸೌಲಭ್ಯವನ್ನು ತಂದಿವೆ. ಏನೂ ಮಾಡದಿರುವುದಕ್ಕಿಂತ ಇದು ಖಂಡಿತ ಮೇಲು. ಆದರೆ ಓದುತ್ತಾ ಕೆಳಗಿಳಿದಂತೆ ವಿಡಿಯೊ ಪರದೆಯನ್ನು ಸಮೀಪಿಸಿದೊಡನೆ ಇಡೀ ಪ್ಲೇಯರ್ ಬಂದೇ ಬಿಡುತ್ತದೆ. ನಮ್ಮ ಆಲೆಮನೆಯ ಪುಟದಲ್ಲಿ ವಿಡಿಯೊಗಳು ಮೇಲೆಯೇ ಇರುವುದರಿಂದ ಉಳಿತಾಯ ಅತ್ಯಲ್ಪ.

ಖಾಸಗಿತನದ ದೃಷ್ಟಿಯಿಂದಲೂ ಲಾಭವಿದೆ: ನೋಡುಗರು ಒತ್ತುವವರೆಗೆ ಪ್ಲೇಯರ್ ಅವರ ಫೋನಿನೊಳಗೆ ಕಾಲಿಡುವುದಿಲ್ಲ. ಮುಖಚಿತ್ರವನ್ನೂ ನಮ್ಮ ಸರ್ವರಿನಲ್ಲೇ ಇಟ್ಟುಕೊಂಡರೆ, ಅಲ್ಲಿಯವರೆಗೆ ವಿಡಿಯೊಗಾಗಿ ಯೂಟ್ಯೂಬಿಗೆ ಒಂದು ಕೋರಿಕೆಯೂ ಹೋಗುವುದಿಲ್ಲ.

ನಿಮ್ಮ ಪುಟದ ಸ್ಥಿತಿಯನ್ನು ನೀವೇ ನೋಡಬಹುದು. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಎಫ್12 ಕೀಲಿಯನ್ನು ಒತ್ತಿ, ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ, ವೇಗವನ್ನು 3ಜಿ ಮಟ್ಟಕ್ಕೆ ಇಳಿಸಿ ಪುಟವನ್ನು ಮತ್ತೆ ತೆರೆಯಿರಿ. ಬಂದ ಕಡತಗಳ ಒಟ್ಟು ಗಾತ್ರ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಬರೆದಿಟ್ಟುಕೊಂಡು, ಒಂದೇ ಒಂದು ವಿಡಿಯೊವನ್ನು ಚಿತ್ರಕ್ಕೆ ಬದಲಾಯಿಸಿ, ಮತ್ತೊಮ್ಮೆ ಅಳೆದು ನೋಡಿ. ನಮಸ್ಕಾರ.