ತಲೆ ಎಣಿಸುವವನು ಕಂಡ ಮೂರು ಬಾಲವಾಡಿ

ಕೇಳುಗರೇ, ನಮಸ್ಕಾರ.

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟವನು ನಾನು. ರಿಟೈರ್ ಆದರೂ ಒಂದು ಚಾಳಿ ಬಿಟ್ಟಿಲ್ಲ. ಎಲ್ಲಿಗೆ ಹೋದರೂ ಮೊದಲು ತಲೆ ಎಣಿಸುತ್ತೇನೆ. ಮದುವೆ ಮನೆಯ ಪಂಕ್ತಿಯಲ್ಲೂ ಅಷ್ಟೇ. ಹೋದ ಜೂನ್‌ನಲ್ಲಿ ಈ ಚಾಳಿ ಕೆಲಸಕ್ಕೆ ಬಂತು.

ಮೊಮ್ಮಗನಿಗೆ ನಾಲ್ಕು ತುಂಬಿತ್ತು. ಮಗಳು, ಅಳಿಯ ಇಬ್ಬರೂ ದುಡಿಯಲು ಹೋಗುವವರು. "ಅಪ್ಪಾ, ಪ್ರೈವೇಟಿಗೆ ಫೀಸು ಕಟ್ಟೋಕಾಗಲ್ಲ. ಸರ್ಕಾರದ್ದೇ ಒಂದು ಚೆನ್ನಾಗಿರೋದು ನೋಡೋಣ" ಎಂದಳು. ನಡೆದುಹೋಗುವಷ್ಟು ಹತ್ತಿರದಲ್ಲಿ ಎರಡು ಅಂಗನವಾಡಿ ಇವೆ. ಆಟೊ ಹತ್ತಿದರೆ ಎಲ್‌ಕೆಜಿ ಇರುವ ಒಂದು ಸರ್ಕಾರಿ ಶಾಲೆ. ಮೂರನ್ನೂ ನೋಡಿದೆವು. ಯಾವುದರ ಹೆಸರನ್ನೂ ಹೇಳುವುದಿಲ್ಲ. ರೇಡಿಯೊದಲ್ಲಿ ಕೂತು ಯಾರ ಮರ್ಯಾದೆಯನ್ನೂ ತೆಗೆಯುವುದು ಬೇಡ, ಅಲ್ವಾ?

ನಮ್ಮದು ತಿರುಮಕೂಡಲು ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ನಮ್ಮ ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೊದಲಿಗರು ಎಂದು ನಮಗೆ ಸ್ವಲ್ಪ ಜಂಬ. ಆ ಜಂಬದಲ್ಲೇ ಮೊದಲನೆಯದಕ್ಕೆ ಹೋದೆ.

ಹಾಜರಿ ಪುಸ್ತಕದಲ್ಲಿ 22 ಹೆಸರು. ಎಣಿಸಿದರೆ 9 ತಲೆ. ಟೀಚರ್ ಮೊಬೈಲ್ ಹಿಡಿದು ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹತ್ತಿರ ಹೋಗಿ ನೋಡಿದರೆ ಅವರು ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬುತ್ತಿದ್ದಾರೆ. ಯಾವ ಮಗು ಬಂತು, ಯಾರ ತೂಕ ಎಷ್ಟು, ಎತ್ತರ ಎಷ್ಟು, ಎಲ್ಲಾ ಅದರಲ್ಲೇ ಹಾಕಬೇಕು. ನೆಟ್‌ವರ್ಕ್ ಬೇರೆ ಇಲ್ಲ. ಅದು ಮುಗಿದರೆ ಬಸುರಿ, ಬಾಣಂತಿಯರ ಊಟದ ಲೆಕ್ಕ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗಿನಿಂದ ಅದೂ ಅವರ ತಲೆಗೇ. ಮತದಾರರ ಪಟ್ಟಿ ಬಂತು ಎಂದರೆ ಮನೆಮನೆ ಸುತ್ತಬೇಕು. "ಅಣ್ಣಾ, ಮಕ್ಕಳ ಜೊತೆ ಕೂರೋಣ ಅಂತ ಈ ಕೆಲಸಕ್ಕೆ ಸೇರಿದೆ. ಅದೊಂದು ಬಿಟ್ಟು ಎಲ್ಲಾ ಮಾಡ್ತಾ ಇದೀನಿ" ಎಂದರು ಆ ತಾಯಿ. ನನ್ನ ಸಿಟ್ಟು ಇಳಿಯಿತು. ಕಂಡಕ್ಟರ್‌ಗೆ ಟಿಕೆಟ್ಟೂ ಕೊಡು, ಸ್ಟಿಯರಿಂಗೂ ಹಿಡಿ ಎಂದ ಹಾಗಾಯಿತಲ್ಲ! ಆದರೂ 9 ಮಕ್ಕಳು ಸುಮ್ನೆ ಗೋಡೆ ನೋಡಿಕೊಂಡು ಕೂತಿದ್ದವು. ಅದು ಸುಳ್ಳಲ್ಲ.

ಎಲ್‌ಕೆಜಿ ನೋಡಿ ಮಗಳು ಅರಳಿದಳು. ಯೂನಿಫಾರ್ಮ್, ಬಣ್ಣದ ಬೆಂಚು, ಗೋಡೆ ತುಂಬ ಇಂಗ್ಲಿಷ್ ಅಕ್ಷರ. ತಲೆ 31, ಹಾಜರಿಯೂ 31. ಲೆಕ್ಕ ಪಕ್ಕಾ. ಆದರೆ ಆ 31 ಮಕ್ಕಳೂ ಒಂದೇ ಕೆಲಸ ಮಾಡುತ್ತಿದ್ದವು, ನಾಲ್ಕು ಗೆರೆ ಪುಸ್ತಕದಲ್ಲಿ ಒಂದೇ ಅಕ್ಷರ ತಿದ್ದುವುದು. ಒಬ್ಬ ಹುಡುಗ ಪೆನ್ಸಿಲ್ ಹಿಡಿದ ಹಾಗೇ ನಿದ್ದೆ ಹೋಗಿದ್ದ. ಗೋಡೆಯ ಚಿತ್ರಗಳೆಲ್ಲ ನನ್ನ ಎತ್ತರಕ್ಕಿದ್ದವು. ನಲ್ಲಿಯೂ ಏಳನೇ ತರಗತಿಯವರ ಎತ್ತರಕ್ಕೆ. ಟೀಚರ್ ಒಳ್ಳೆಯವರೇ, ಪಾಪ. "ಬರೆಸದಿದ್ದರೆ ಅಪ್ಪ ಅಮ್ಮಂದಿರೇ ಜಗಳಕ್ಕೆ ಬರ್ತಾರೆ ಸಾರ್" ಎಂದರು. ನಾನು ಮಗಳ ಮುಖ ನೋಡಿದೆ. ಅವಳು ಕಿಟಕಿ ಕಡೆ ತಿರುಗಿದಳು.

ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಎಂದು ನಿಯಮವೇ ಬಂದಿದೆ. ಅಂದರೆ ನಮ್ಮ ಹುಡುಗನಿಗೆ ಇನ್ನೂ ಎರಡು ವರ್ಷ ಟೈಮಿದೆ. ಈಗಲೇ ಬೆರಳು ಸವೆಸುವ ಅವಸರ ಯಾಕೆ?

ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಎಲ್‌ಕೆಜಿ ಶಿಕ್ಷಣ ಇಲಾಖೆಯದು. ಮಗು ಮಾತ್ರ ಒಂದೇ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನಷ್ಟು ಎಲ್‌ಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿಯವರು ಬೆಂಗಳೂರಿನಲ್ಲಿ ಧರಣಿ ಕೂತರು. ಮಕ್ಕಳೇ ಬರದಿದ್ದರೆ ನಮ್ಮ ಗತಿಯೇನು ಎಂಬ ಭಯ ಅವರದು. ಆಮೇಲೆ ಅಂಗನವಾಡಿಯಲ್ಲೇ ಎಲ್‌ಕೆಜಿ ಮಾಡುತ್ತೇವೆ ಎಂದು ಸರ್ಕಾರ ಹೇಳಿತು. ಬೋರ್ಡು ಬದಲಾಯಿಸುವುದು ಸುಲಭ. ಆ ಟೀಚರ್ ಕೈಯಿಂದ ಮೊಬೈಲ್, ರಿಜಿಸ್ಟರ್ ಇಳಿಸುವವರು ಯಾರು ಎಂಬುದು ನನ್ನ ಪ್ರಶ್ನೆ.

ಕೊನೆಗೆ ಮೂರನೆಯದಕ್ಕೆ ಹೋದೆವು. ನಿಜ ಹೇಳಬೇಕೆಂದರೆ ಹೊರಗಿನಿಂದ ನೋಡಿ ವಾಪಸ್ ಹೊರಟಿದ್ದೆವು. ಒಂದೇ ಕೋಣೆ. ಅದರ ಮೂಲೆಯಲ್ಲೇ ಅಡುಗೆ. ಸುಣ್ಣ ಕಂಡು ಯಾವ ಕಾಲವಾಯಿತೋ! ಒಳಗಿನಿಂದ ನಗು ಕೇಳಿಸಿತು, ಅದಕ್ಕೇ ನಿಂತೆವು. ಹಾಜರಿಯಲ್ಲಿ 17, ತಲೆ 15. ಮಕ್ಕಳು ನೆಲದ ಮೇಲೆ ಹುಣಸೆಬೀಜ ಗುಡ್ಡೆ ಹಾಕಿ ಎಣಿಸುತ್ತಿದ್ದವು. ಟೀಚರ್ ಬಸ್ಸಿನ ಆಟ ಆಡಿಸಿದರು. ಒಬ್ಬಳು ಪುಟ್ಟಿ ಕಂಡಕ್ಟರ್ ಆಗಿ ಎಲೆಯ ಟಿಕೆಟ್ ಹಂಚಿದಳು. ನನಗೂ ಒಂದು ಕೊಟ್ಟು "ಚಿಲ್ಲರೆ ಕೊಡಿ" ಎಂದಳು! ಗೋಡೆಯ ಚಿತ್ರಗಳು ಮೊಣಕಾಲೆತ್ತರಕ್ಕೆ ಇದ್ದವು, ಮಕ್ಕಳು ಮುಟ್ಟಿ ಮುಟ್ಟಿ ಮಾಸಿದ್ದವು. ಊಟಕ್ಕೆ ಮೊದಲು ಸಹಾಯಕಿ ಚೊಂಬು ಹಿಡಿದು ಒಬ್ಬೊಬ್ಬರ ಕೈಗೂ ನೀರು ಹಾಕಿದರು. ಅವತ್ತು ಮೊಟ್ಟೆ ಇತ್ತು. ಸಿಪ್ಪೆ ಬಿಡಿಸುವ ಕೆಲಸ ಮಕ್ಕಳದ್ದೇ.

ಈ ಟೀಚರ್‌ಗೂ ಅದೇ ಟ್ರ್ಯಾಕರ್, ಅದೇ ರಿಜಿಸ್ಟರ್. "ಮಕ್ಕಳು ಮಲಗಿದ ಮೇಲೆ ಬರೀತೀನಿ, ಉಳಿದರೆ ಮನೆಗೆ ಒಯ್ತೀನಿ" ಎಂದರು. ಅದನ್ನು ಹೊಗಳಬೇಕೋ, ಮರುಗಬೇಕೋ ಗೊತ್ತಾಗಲಿಲ್ಲ.

ನೀವೂ ಹುಡುಕುತ್ತಿದ್ದರೆ ಹನ್ನೊಂದು ಗಂಟೆಯ ಮೇಲೆ, ಹೇಳದೆ ಹೋಗಿ. ಅರ್ಧ ಗಂಟೆ ಕೂತಿರಿ. ಶೌಚಾಲಯದ ಬಾಗಿಲು ತೆಗೆದು ನೋಡಿ. ಈ ಮೂರನೆಯದರಲ್ಲಿ ನಾವು ನೋಡಿದೆವು, ನೀರಿರಲಿಲ್ಲ. ಮೋಟಾರ್ ಸುಟ್ಟು ತಿಂಗಳಾಗಿತ್ತಂತೆ.

ಆದರೂ ಮೊಮ್ಮಗನನ್ನು ಅಲ್ಲಿಗೇ ಹಾಕಿದೆವು. ಯುಕೆಜಿಗೆ ಆ ಶಾಲೆಗೇ ಸೇರಿಸುತ್ತೇನೆ ಎಂದು ಮಗಳು ಇನ್ನೂ ಹೇಳುತ್ತಾಳೆ. ನೋಡೋಣ. ನಾವು ಏಳೆಂಟು ಜನ ಸೇರಿ ಮೋಟಾರ್‌ಗೆ ಅರ್ಜಿ ಕೊಟ್ಟಿದ್ದೇವೆ. ರಿಪೇರಿ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ಹೊತ್ತು ಹಾಕುವುದು ನನ್ನ ಡ್ಯೂಟಿ. ಹೋದವನು ಒಮ್ಮೆ ತಲೆ ಎಣಿಸಿಯೇ ಬರುತ್ತೇನೆ. ಇವತ್ತು 16.

ನಮಸ್ಕಾರ.