ಗೊಗ್ಗರು ದನಿಯ ಹುಡುಗಿ

ಕೇಳುಗರಿಗೆ ನಮಸ್ಕಾರ.

ನಮ್ಮ ಎಷ್ಟೋ ಮಕ್ಕಳು ಸ್ಕೂಲಿಂದ ಬಂದು, ಬ್ಯಾಗು ಮೂಲೆಗೆಸೆದು, ಟಿವಿ ಮುಂದೆ ಕೂತು ಹಿಂದಿ ಕಲಿತರು. ಕಲಿಸಿದ್ದು ಕಾರ್ಟೂನಿನ ಒಂದು ನೀಲಿ ರೋಬೋ ಬೆಕ್ಕು. ಡೋರೇಮಾನ್. ಕಿವಿ ಇಲ್ಲ, ಹೊಟ್ಟೆ ಮೇಲೊಂದು ಜೇಬು. ಆ ಜೇಬಿಗೆ ಕೈ ಹಾಕಿದರೆ ಬೇಕಾದ್ದೆಲ್ಲ ಸಿಗುತ್ತದೆ. ಈ ಬೆಕ್ಕು ತನ್ನ ಊರಾದ ಜಪಾನಿನಲ್ಲಿ 26 ವರ್ಷ ಮಾತಾಡಿದ್ದು ಒಬ್ಬ ಹೆಣ್ಣುಮಗಳ ದನಿಯಲ್ಲಿ. ಅವರ ಹೆಸರು ನೊಬುಯೊ ಒಯಾಮ.

ಒಯಾಮ ಹುಟ್ಟಿದ್ದು 1933ರಲ್ಲಿ, ಟೋಕಿಯೊದಲ್ಲಿ. ಚಿಕ್ಕಂದಿನಿಂದಲೇ ಗೊಗ್ಗರು ದನಿ. ಮಾಧ್ಯಮಿಕ ಶಾಲೆಗೆ ಸೇರಿದಾಗ ಬಾಯಿ ಬಿಟ್ಟರೆ ಸಾಕು, ಕ್ಲಾಸೆಲ್ಲ ನಗುತ್ತಿತ್ತು. ಹುಡುಗಿ ಮಾತೇ ನಿಲ್ಲಿಸಿಬಿಟ್ಟಳು. ಅದನ್ನು ಗಮನಿಸಿದವರು ತಾಯಿ. ಅವರು ಮಗಳನ್ನು ಸುಮ್ನೆ ಸಮಾಧಾನ ಮಾಡಲಿಲ್ಲ. ಕೈಯೋ ಕಾಲೋ ಬಲ ಇಲ್ಲ ಅಂತ ಬಳಸದೆ ಇಟ್ಟರೆ ಇನ್ನೂ ಸೋಲುತ್ತದೆ, ದನಿಯೂ ಹಾಗೇ, ಜಾಸ್ತಿ ಬಳಸು ಅಂದರು. ಮಗಳು ಹೋಗಿ ಶಾಲೆಯ ಪ್ರಸಾರ ಕೂಟಕ್ಕೇ ಸೇರಿಕೊಂಡಳು! ಯಾವ ದನಿಗೆ ನಗುತ್ತಿದ್ದರೋ ಅದೇ ದನಿ ಮೈಕಿನ ಮುಂದೆ. ಎಂಥ ಎದೆಗಾರಿಕೆ ಬೇಕು, ಅಲ್ವಾ?

ಆ ತಾಯಿ ಹೆಚ್ಚು ದಿನ ಉಳಿಯಲಿಲ್ಲ. ಮಗಳ ಓದು ಮುಗಿಯುವ ಮೊದಲೇ ಕ್ಯಾನ್ಸರ್‌ಗೆ ತೀರಿಕೊಂಡರು. ಒಯಾಮ ನಾಟಕ ಕಲಿತರು, 1956ರಲ್ಲಿ ಟಿವಿಗೆ ಬಂದರು, ಆಮೇಲೆ ದನಿ ಕೊಡುವ ಕೆಲಸ ಹಿಡಿದರು. ಈ ಕೆಲಸದವರಿಗೆ ಜಪಾನಿನಲ್ಲಿ 'ಸೆಯ್ಯು' ಅನ್ನುತ್ತಾರೆ.

ಅಲ್ಲಿ ರೆಕಾರ್ಡಿಂಗ್ ನಡೆಯುವ ರೀತಿ ಹೇಳಲೇಬೇಕು. ಒಂದೇ ಕೋಣೆ, ಮೂರು ನಾಲ್ಕು ಮೈಕು, ಹಿಂದೆ ಬೆಂಚಿನ ಮೇಲೆ ಪಾತ್ರಧಾರಿಗಳೆಲ್ಲ. ಕಣ್ಣು ಪರದೆ ಮೇಲೆ, ಕೈಯಲ್ಲಿ ಸ್ಕ್ರಿಪ್ಟು. ತಮ್ಮ ಮಾತು ಬಂತು ಅಂದರೆ ಮೆಲ್ಲಗೆ ಎದ್ದು ಖಾಲಿ ಇರುವ ಮೈಕಿಗೆ ಬರಬೇಕು, ಪರದೆ ಮೇಲಿನ ಪಾತ್ರದ ಬಾಯಿ ಆಡುವಷ್ಟರಲ್ಲೇ ಮಾತು ಮುಗಿಸಿ ಹಿಂದೆ ಸರಿಯಬೇಕು. ಹಾಳೆ ತಿರುವಿದ ಸರಪರ ಸದ್ದೂ ಕೇಳಬಾರದು.

ಡೋರೇಮಾನ್ 1973ರಲ್ಲೇ ಒಮ್ಮೆ ಟಿವಿಗೆ ಬಂದು ಆರು ತಿಂಗಳಿಗೆ ನಿಂತುಹೋಗಿತ್ತು. ಆಗಿನ ದನಿಗಳೇ ಬೇರೆ. 1979ರ ಏಪ್ರಿಲ್ 2ರಂದು ಮತ್ತೆ ಶುರುವಾದಾಗ ಬಂದವರು ಒಯಾಮ. ಅವರು ಕೂತು ಯೋಚಿಸಿದರು. ಮಗುವನ್ನು ನೋಡಿಕೊಳ್ಳಲು ಬಂದಿರುವ ರೋಬೋ ಇದು, ಒರಟು ಮಾತಾಡೀತೇ? ಹಾಗಾಗಿ ತಮ್ಮ ಬೆಕ್ಕಿನ ಬಾಯಲ್ಲಿ ಕೆಟ್ಟ ಮಾತು ಬರದ ಹಾಗೆ ನೋಡಿಕೊಂಡರು. "ಬೊಕು ದೊರಾಎಮೊನ್ ದೆಸು", ಅಂದರೆ 'ನಾನು ಡೋರೇಮಾನ್' ಅಂತ ಮರ್ಯಾದೆಯಿಂದ ಹೇಳಿಕೊಳ್ಳುವ ಬೆಕ್ಕು ಅದು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇದೇ. ದನಿ ಹುಟ್ಟಿನಿಂದ ಬಂದದ್ದು, ಆ ನಡತೆ ಅವರೇ ಕೊಟ್ಟದ್ದು. ಬೆಕ್ಕನ್ನು ಬರೆದ ಫುಜಿಕೊ ಎಫ್. ಫುಜಿಯೊ ಕೇಳಿ, ಓಹ್, ಡೋರೇಮಾನ್ ದನಿ ಹೀಗಿತ್ತಾ ಅಂದರಂತೆ. ಬರೆದವರೇ ಹಾಗನ್ನಬೇಕಾದರೆ!

2005ರ ಮಾರ್ಚಿನಲ್ಲಿ ಒಯಾಮ ಮತ್ತು ಜೊತೆಗಾರರೆಲ್ಲ ಒಟ್ಟಿಗೆ ಮೈಕು ಬಿಟ್ಟುಕೊಟ್ಟರು. ಆಮೇಲೆ 2010ರ ಒಂದು ವಿಡಿಯೋ ಗೇಮಿನಲ್ಲಿ ಕ್ರೂರ ಕರಡಿಯೊಂದಕ್ಕೆ ದನಿಯಾದರು. ಅದೇ ಗಂಟಲು, ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ. 2015ರಲ್ಲಿ ಅದನ್ನು ಜನರಿಗೆ ತಿಳಿಸಿದವರು ಗಂಡ ಕೇಸುಕೆ ಸಗಾವ, ಅದೂ ರೇಡಿಯೋದಲ್ಲಿ. ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ ಅವರೇ 2017ರಲ್ಲಿ ಮೊದಲು ಹೋದರು.

ಆ ಬೆಕ್ಕಿನ ಗೆಳೆಯ ನೊಬಿತ ಗೊತ್ತಲ್ಲ, ಸದಾ ಅಳುವ ಹುಡುಗ? ಅವನ ದನಿ ನೊರಿಕೊ ಒಹರ ಅವರದು. 26 ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಮಾತಾಡಿದವರು. 2024ರ ಜುಲೈನಲ್ಲಿ ಒಹರ ತೀರಿಕೊಂಡರು. ಸೆಪ್ಟೆಂಬರ್ 29ಕ್ಕೆ ಒಯಾಮ ಅವರೂ ಹೊರಟರು. ಅವರಿಗೆ 90 ವರ್ಷವಾಗಿತ್ತು.

ನಮಸ್ಕಾರ.